ವಿಪತ್ಕಾಲದ ಸಾಂತ್ವನಶಿಕ್ಷಣದ ಚರಿತ್ರೆ

ಭೂಕಂಪ, ಜಲಪ್ರಳಯ, ಚಂಡಮಾರುತ, ಅಗ್ನಿಪ್ರಮಾದ, ಯುದ್ಧ, ಮಹಾಮಾರಿ ಮೊದಲಾದುವುಗಳಿಂದ ಜನಪದಗಳು ಹಾಳಾದಾಗ ಬದುಕಿ ಉಳಿದವರಿಗೆ ಅನ್ನ, ನೀರು, ವಸತಿ, ಔಷಧಗಳನ್ನು ಒದಗಿಸತಕ್ಕದ್ದೆಂಬುದು ಎಲ್ಲ ಕಾಲದ ರಾಜನೀತಿಗೂ ಸಮ್ಮತವಾದ ಮಾತು. ಕೌಟಿಲ್ಯನು ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣದಲ್ಲಿ ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷ ಮೊದಲಾದ ಎಂಟು ದೈವಿಕ ಮಹಾಭಯಗಳನ್ನು ಎಣಿಸಿ ಅವುಗಳ ಪ್ರತೀಕಾರವನ್ನು ಒಂದು ಪ್ರತ್ಯೇಕಾಧ್ಯಾಯದಲ್ಲಿಯೇ ವಿಧಿಸಿರುವನು. ಆದರೆ ಹಾಗೆ ಉಳಿದವರ ಮನಸ್ಸಿನ ಗಾಯಕ್ಕೂ ಉಪಚಾರವು ಬೇಕು, ಆ ಉಪಚಾರವನ್ನು ಮಾಡತಕ್ಕವರಿಗೆ ಕ್ರಮವಾದ ತರಬೇತು ಬೇಕು ಎಂಬ ವಿಚಾರವು ಈಚಿನದು. ಅದರ ವಯಸ್ಸು ಒಂದು ಶತಮಾನಕ್ಕಿಂತ ಬಹಳ ಹೆಚ್ಚಲ್ಲ. ಈ ವಿಚಾರದ ಬೆಳವಣಿಗೆಯನ್ನು ವೈದ್ಯಶಾಸ್ತ್ರದ ವಿಜಯಯಾತ್ರೆಯೆಂದು ಭಾವಿಸುವುದು ಸುಲಭ. ಸಂಗತಿಗಳನ್ನು ಕಾಲಕ್ರಮದಲ್ಲಿ ಇಟ್ಟು ಪರಾಮರ್ಶಿಸಿದರೆ ಅದಕ್ಕೆ ವಿಪರೀತವಾದುದೇ ಗೋಚರಿಸುವುದು. ಮನೋವೈದ್ಯನು ತನ್ನ ಅಧಿಕಾರವನ್ನು ಹೆಜ್ಜೆಹೆಜ್ಜೆಗೂ ಇತರರಿಗೆ ಬಿಟ್ಟುಕೊಡುತ್ತಲೂ, ದುಃಖಿತನಿಂದ ಮಾತನ್ನು ಹೊರಡಿಸಬೇಕೆಂಬ ಆತುರವನ್ನು ಕಡಮೆ ಮಾಡಿಕೊಳ್ಳುತ್ತಲೂ ಬಂದುದೇ ಈ ವಿದ್ಯೆಯ ನಿಜವಾದ ಇತಿಹಾಸವಾಗಿದೆ. ಅದರಲ್ಲಿ ಬೆಂಗಳೂರಿನ ಒಂದು ಸಂಸ್ಥೆಗೆ ಸಲ್ಲತಕ್ಕ ಸ್ಥಾನವು ಸಣ್ಣದಲ್ಲ.

ಮೊದಲು ಹೆಸರಿನ ವಿಚಾರ. ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಈಗ ರೂಢವಾಗಿರುವ ಹೆಸರಿನಲ್ಲಿ ಎರಡು ಅಂಗಗಳಿವೆ. ಮಾನಸಿಕ ಆರೋಗ್ಯವೆಂಬುದೊಂದು, ಮನಸ್ಸು ಮತ್ತು ಸಮಾಜಗಳೆರಡಕ್ಕೂ ಸಂಬಂಧಪಟ್ಟ ಆಸರೆಯೆಂಬುದು ಇನ್ನೊಂದು. ಮೊದಲನೆಯದು ಪ್ರಾಯಿಕವಾಗಿ ವೈದ್ಯರ ಮಾತು, ಎರಡನೆಯದು ಶಿಬಿರಗಳಲ್ಲಿ ದುಡಿಯುವ ಪರಿಹಾರಸೇವಕರ ಮಾತು. ಬಹುಕಾಲ ಈ ಎರಡು ಪಕ್ಷದವರೂ ಒಬ್ಬರ ಭಾಷೆಯನ್ನು ಒಬ್ಬರು ಒಪ್ಪದೆ ಇದ್ದುದರಿಂದ 2007ರಲ್ಲಿ ಎರಡನ್ನೂ ಕೂಡಿಸಿ ಒಂದೇ ಪದಸಮುಚ್ಚಯವನ್ನಾಗಿ ಮಾಡಬೇಕಾಯಿತು. ವೈಯಾಕರಣರ ದೃಷ್ಟಿಯಲ್ಲಿ ಇದು ದ್ವಂದ್ವವೆನ್ನಬಹುದು. ಆ ಶಬ್ದದ ಲೌಕಿಕಾರ್ಥವೂ ಇಲ್ಲಿ ಅನ್ವಯಿಸುತ್ತದೆ. ಪ್ರಸಂಗವಶಾತ್ ಹೇಳುವುದಾದರೆ, ಕನ್ನಡದ ಪತ್ರಿಕೆಗಳಲ್ಲಿಯೂ ಕೈಪಿಡಿಗಳಲ್ಲಿಯೂ ಕಾಣುವ ‘ಮನೋಸಾಮಾಜಿಕ’ ಎಂಬ ರೂಪವು ಅಸಾಧು. ಮನೋರಥ, ಮನೋಗತ, ಮನೋವ್ಯಥೆ ಎಂಬಲ್ಲಿ ಪರವಾಗಿರುವುದು ಮೃದುವ್ಯಂಜನ. ಆದುದರಿಂದ ಅಲ್ಲಿ ‘ಮನೋ’ ಎಂಬುದು ಸರಿ. ಸಕಾರವು ಪರವಾದಾಗ ‘ಮನಃಸಾಮಾಜಿಕ’ ಎಂದಾಗಲಿ ‘ಮನಸ್ಸಾಮಾಜಿಕ’ ಎಂದಾಗಲಿ ಆಗಬೇಕು. ರೂಢಿಯು ಶಾಸ್ತ್ರಕ್ಕಿಂತ ಬಲವತ್ತರವೆಂದು ಸುಮ್ಮನಾಗುವವರು ಆಗಬಹುದು. ಆದರೆ ‘ಸಾಂತ್ವನ’, ‘ಆಶ್ವಾಸನ’, ‘ಸಮಾಧಾನ’ ಎಂಬ ಮೂರು ಪ್ರಸಿದ್ಧ ಶಬ್ದಗಳೂ, ‘ಸಂತೈಸು’ ಎಂಬ ಮಾತೂ ಕೈಯಲ್ಲಿರುವಾಗ ಈ ಕ್ಲಿಷ್ಟತೆಯೇ ಅನಾವಶ್ಯಕ. ‘ಆಶ್ವಾಸನ’ವು ಶ್ವಸ್ ಧಾತುವಿನಿಂದ ಬಂದುದು, ಉಸಿರು ಕಟ್ಟಿದವನು ಮತ್ತೆ ಉಸಿರಾಡುವಂತೆ ಮಾಡುವುದು ಎಂದು ಅದರ ಮೂಲಾರ್ಥ. ‘ಸಮಾಧಾನ’ವೆಂದರೆ ಚೆದರಿದುದನ್ನು ಒಟ್ಟಿಗೆ ತಂದಿಡುವುದು. ಮುಂದೆ ವಿವರಿಸಲಾಗುವ ತರಬೇತಿನ ಸಾರವೆಲ್ಲವೂ ಈ ಎರಡು ಧಾತ್ವರ್ಥಗಳಲ್ಲಿ ಅಡಗಿದೆಯೆಂದರೆ ಹೆಚ್ಚು ಹೇಳಿದಂತಾಗದು.

ಭಾರತೀಯ ಗ್ರಂಥಗಳಲ್ಲಿ ಈ ವಿಷಯದ ಸ್ಪರ್ಶವಿಲ್ಲವೆಂದಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ವಿಷಯವೇ ಜನಪದಗಳ ಧ್ವಂಸ. ಕಾಂಪಿಲ್ಯದಲ್ಲಿ ಗಂಗಾತೀರದಲ್ಲಿ ಸಂಚರಿಸುತ್ತಿದ್ದ ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕರ ವಿಕೃತಿಯಿಂದ ಬೇರೆ ಬೇರೆ ಪ್ರಕೃತಿಯ ಜನರು ಏಕಕಾಲದಲ್ಲಿ ನಾಶವಾಗುವರೆಂದು ತಿಳಿಸಿ, ಭೂಮಿಯು ಸಾರಗುಂದುವುದಕ್ಕೆ ಮೊದಲೇ ಔಷಧಿಗಳನ್ನು ಸಂಗ್ರಹಿಸಿಡಬೇಕೆಂದು ಎಚ್ಚರಿಸುತ್ತಾನೆ. ವಿಪತ್ತಿಗೆ ಮುನ್ನವೇ ಸಿದ್ಧತೆ ಬೇಕೆಂಬ ನಿಯಮವು ಇಲ್ಲಿ ಸ್ಪಷ್ಟವಾಗಿದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಉನ್ಮಾದಪ್ರಕರಣವು ಪ್ರಿಯವಾದುದನ್ನು ಕಳೆದುಕೊಂಡು ಮನಸ್ಸು ಕೆಟ್ಟವನಿಗೆ ಸಾಂತ್ವ ಮತ್ತು ಆಶ್ವಾಸಗಳನ್ನು ಉಪಚಾರದಲ್ಲಿ ಎಣಿಸಿದೆ.

ಇನ್ನು ಮಹಾಭಾರತದ ಸ್ತ್ರೀಪರ್ವವು ಇಡಿಯಾಗಿ ಹತಶೇಷರ ಪರ್ವವೇ ಆಗಿದೆ. ಅಲ್ಲಿ ವಿದುರನು ಧೃತರಾಷ್ಟ್ರನಿಗೆ ಸಂಸಾರದ ಅನಿತ್ಯತೆಯನ್ನು ಎಷ್ಟು ಉಪದೇಶಿಸಿದರೂ ಆ ಮುದುಕನು ಮೂರ್ಛೆ ಹೋಗುತ್ತಾನೆ. ಆಗ ಬಂಧುಗಳು ತಣ್ಣೀರನ್ನು ಚಿಮುಕಿಸಿ ತಾಳೆಗರಿಯಿಂದ ಬೀಸುತ್ತಾರೆ. ಆಮೇಲೆ ವ್ಯಾಸರ ಮಾತು. ಅದರ ತರುವಾಯ ಹೆಂಗಸರೊಡನೆ ರಣಭೂಮಿಗೆ ಹೋಗುವುದು, ಸತ್ತವರನ್ನು ಕಣ್ಣಾರೆ ಕಂಡು ಅಳುವುದು, ಕೊನೆಗೆ ಗಂಗೆಯಲ್ಲಿ ಜಲಪ್ರದಾನ. ತತ್ತ್ವೋಪದೇಶಕ್ಕಿಂತ ಮೊದಲು ದೇಹೋಪಚಾರ ಬೇಕು, ಬಂಧುಗಳು ಸುತ್ತ ಇರಬೇಕು, ಮೃತರ ಸಂಸ್ಕಾರವು ನಡೆಯಬೇಕು ಎಂಬ ಕ್ರಮವನ್ನು ಕವಿಯು ಎಲ್ಲಿಯೂ ಸೂತ್ರರೂಪವಾಗಿ ಹೇಳದೆ ಕಥೆಯಲ್ಲಿ ತೋರಿಸಿರುವನು. ಕುಮಾರವ್ಯಾಸನು ಗದಾಪರ್ವಕ್ಕೆ ತನ್ನ ಕಾವ್ಯವನ್ನು ನಿಲ್ಲಿಸಿದ ಕಾರಣ ಕನ್ನಡದಲ್ಲಿ ಮುಂದಿನ ಪರ್ವಗಳು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯ ಪಾಲಿಗೆ ಬಂದುವು. ಯುದ್ಧದ ಭಾಗವನ್ನು ನಾಡೆಲ್ಲ ಗಮಕದಲ್ಲಿ ಕೇಳಿತು, ಶೋಕದ ಭಾಗವನ್ನು ಕೇಳಿದವರು ವಿರಳ. ಸಾಹಿತ್ಯವನ್ನು ಬೋಧಿಸುವವರು ಗಮನಿಸತಕ್ಕ ವಿಷಯವಿದು.

ಇಷ್ಟರಿಂದ ಪ್ರಾಚೀನರಲ್ಲಿ ಈ ವಿದ್ಯೆಯು ಪೂರ್ಣವಾಗಿ ಇದ್ದಿತೆಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ, ಅಭಿಮಾನ ಮಾತ್ರ. ಆ ಗ್ರಂಥಗಳಲ್ಲಿ ಇರುವುದು ಒಬ್ಬ ವೈದ್ಯನಿಗೆ ಒಬ್ಬ ರೋಗಿಯ ವಿಷಯದಲ್ಲಿ ಹೇಳಿದ ವಿಧಿ, ಅಥವಾ ಒಂದು ರಾಜಕುಲದ ಶೋಕದ ಚಿತ್ರ. ಸಾವಿರಾರು ಮಂದಿ ಏಕಕಾಲದಲ್ಲಿ ದುಃಖಿತರಾದಾಗ ಅವರನ್ನು ಸಂತೈಸಲು ನೂರಾರು ಸಾಮಾನ್ಯ ಜನರನ್ನು ಶಿಕ್ಷಣಕೊಟ್ಟು ಸಿದ್ಧಪಡಿಸಬೇಕೆಂಬ ಯೋಚನೆಯು ಅಲ್ಲಿಲ್ಲ. ಅದು ಹುಟ್ಟಿದುದು ಯುರೋಪು ಮತ್ತು ಅಮೆರಿಕಾಗಳಲ್ಲಿ. ಹುಟ್ಟಿಸಿದುದು ಗಣಿ, ಭೂಕಂಪ ಮತ್ತು ಯುದ್ಧ.

1906ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಕುರಿಯೇರ್ ಎಂಬಲ್ಲಿ ಕಲ್ಲಿದ್ದಲು ಗಣಿಯು ಸ್ಫೋಟಗೊಂಡು 1,099 ಜನರು ಸತ್ತರು. 1908ರ ಡಿಸೆಂಬರ್ 28ರಂದು ಇಟಲಿಯ ಮೆಸ್ಸೀನಾ ನಗರವು ಭೂಕಂಪದಿಂದ ನಾಶವಾಯಿತು. ಸ್ವಿಟ್ಜರ್ಲೆಂಡಿನ ವೈದ್ಯನಾದ ಎಡ್ವರ್ಡ್ ಸ್ಟೀರ್ಲಿನ್ ಎಂಬವನು ಈ ಎರಡು ಕಡೆಗಳಲ್ಲಿಯೂ ಬದುಕಿ ಉಳಿದವರ ಮನಃಸ್ಥಿತಿಯನ್ನು ಪರೀಕ್ಷಿಸಿ ಬರೆದನು. ವಿಪದ್ಗ್ರಸ್ತರ ಮನಸ್ಸನ್ನು ಶಾಸ್ತ್ರೀಯವಾಗಿ ನೋಡಿದ ಮೊದಲ ಪ್ರಯತ್ನಗಳಲ್ಲಿ ಇದನ್ನು ಎಣಿಸುವರು. ಆದರೆ ಅವನದು ಅವಲೋಕನ, ಶಿಕ್ಷಣವಲ್ಲ.

ಶಿಕ್ಷಣದ ಅವಶ್ಯಕತೆಯು ಮೊದಲನೆಯ ಮಹಾಯುದ್ಧದಲ್ಲಿ ತಲೆದೋರಿತು. ಗಾಯವಿಲ್ಲದೆಯೇ ಕಣ್ಣು ಕಾಣದ, ಮಾತು ನಿಂತುಹೋದ, ನಡುಗುವ ಸಿಪಾಯಿಗಳನ್ನು ಕಂಡು ಚಾರ್ಲ್ಸ್ ಮೈಯರ್ಸ್ 1915ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಿಂದ ಬರೆದನು. 1917ರಲ್ಲಿ ಅಮೆರಿಕಾದ ಥಾಮಸ್ ಸಾಲ್ಮನ್ ಇಂಥವರನ್ನು ದೂರದ ಆಸ್ಪತ್ರೆಗೆ ಸಾಗಿಸದೆ ರಣರಂಗದ ಸಮೀಪದಲ್ಲಿಯೇ, ವಿಳಂಬವಿಲ್ಲದೆ, ನೀನು ಗುಣವಾಗುವೆಯೆಂಬ ಭರವಸೆಯೊಡನೆ ಉಪಚರಿಸಬೇಕೆಂಬ ಕ್ರಮವನ್ನು ಪ್ರತಿಪಾದಿಸಿದನು. ಸಾಮೀಪ್ಯ, ಶೀಘ್ರತೆ, ಭರವಸೆಗಳೆಂಬ ಈ ಮೂರು ಇಂದಿಗೂ ಬಿಟ್ಟುಹೋಗಿಲ್ಲ. ಆದರೂ ಅವುಗಳ ಮೂಲವನ್ನು ಮರೆಯುವಂತಿಲ್ಲ. ಆ ಉಪಚಾರದ ಫಲವನ್ನು ಅಳೆದುದು ಎಷ್ಟು ಮಂದಿ ಮತ್ತೆ ಬಂದೂಕು ಹಿಡಿದರು ಎಂಬುದರಿಂದ. ಅವರಿಗೆ ನಿದ್ರೆ ಬಂದಿತೇ ಎಂಬುದರಿಂದಲ್ಲ.

ಶೋಕವನ್ನು ಶೋಕವೆಂದೇ ನೋಡಿದವನು ಎರಿಕ್ ಲಿಂಡೆಮನ್. 1942ರ ನವೆಂಬರ್ 28ರ ರಾತ್ರಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿಹಾರಶಾಲೆಯಲ್ಲಿ ಬೆಂಕಿಬಿದ್ದು 492 ಜನರು ಸತ್ತರು. ಆ ಪ್ರಮಾದದಲ್ಲಿ ಬಂಧುಗಳನ್ನು ಕಳೆದುಕೊಂಡವರನ್ನೂ ಇತರ ಶೋಕಗ್ರಸ್ತರನ್ನೂ ಸೇರಿಸಿ ನೂರೊಂದು ಮಂದಿಯನ್ನು ಪರೀಕ್ಷಿಸಿ ಅವನು 1944ರಲ್ಲಿ ಪ್ರಕಟಿಸಿದ ಲೇಖನವು ಈ ವಿದ್ಯೆಯ ಮೊದಲ ಪ್ರಮಾಣಗ್ರಂಥವೆಂದು ಹೇಳಬಹುದು. ಎದೆ ಬಿಗಿಯುವುದು, ನಿಟ್ಟುಸಿರು, ಆಹಾರದಲ್ಲಿ ಅರುಚಿ, ಸತ್ತವನ ರೂಪವೇ ಕಣ್ಣಮುಂದೆ ನಿಲ್ಲುವುದು, ತಾನು ಇನ್ನೇನಾದರೂ ಮಾಡಿದ್ದರೆ ಉಳಿಯುತ್ತಿದ್ದನೆಂಬ ಪಶ್ಚಾತ್ತಾಪ, ಇವೆಲ್ಲವನ್ನೂ ಅವನು ನಿರೂಪಿಸಿದ್ದಾನೆ. ಎಂಟು ಹತ್ತು ಸಂದರ್ಶನಗಳಲ್ಲಿ, ನಾಲ್ಕರಿಂದ ಆರು ವಾರಗಳೊಳಗೆ, ದಾರಿತಪ್ಪಿದ ಶೋಕವನ್ನು ದಾರಿಗೆ ತರಬಹುದೆಂಬುದು ಅವನ ಅನುಭವ. ಪ್ರಕೃತಕ್ಕೆ ಅದಕ್ಕಿಂತಲೂ ಮುಖ್ಯವಾದುದು ಲೇಖನದ ಕೊನೆಯ ಭಾಗದಲ್ಲಿದೆ. ಯುದ್ಧಕಾಲದಲ್ಲಿ ಶೋಕಗ್ರಸ್ತರೆಲ್ಲರಿಗೂ ಮನೋವೈದ್ಯರು ಸಿಕ್ಕಲಾರರಾದುದರಿಂದ ಈ ತಿಳಿವಳಿಕೆಯನ್ನು ಸಮಾಜಸೇವಕರಿಗೂ ಪುರೋಹಿತವರ್ಗದವರಿಗೂ ಕಲಿಸಿಕೊಡಬೇಕಾಗುವುದೆಂದು ಅವನು ಅಲ್ಲಿ ಸೂಚಿಸಿದ್ದಾನೆ. ಅಧಿಕಾರವನ್ನು ಬಿಟ್ಟುಕೊಡುವ ಕ್ರಿಯೆಯು ಇಲ್ಲಿಂದಲೇ ಆರಂಭವಾಗುತ್ತದೆ. ಹತ್ತು ವರ್ಷಗಳ ಮೇಲೆ, 1954ರಲ್ಲಿ, ಅಮೆರಿಕಾದ ಮನೋವೈದ್ಯರ ಸಂಘವು ಸಮುದಾಯದ ವಿಪತ್ತುಗಳಲ್ಲಿ ಮಾಡತಕ್ಕ ‘ಮಾನಸಿಕ ಪ್ರಥಮೋಪಚಾರ’ದ ಮೇಲೆ ಒಂದು ಕಿರುಪುಸ್ತಕವನ್ನು ಹೊರಡಿಸಿತು. ಆ ಹೆಸರೇ ಈಗ ಲೋಕಪ್ರಸಿದ್ಧವಾಗಿರುವುದು.

ಅದೇ 1954ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕಾರ್ಯವು ಈ ಚರಿತ್ರೆಯ ಇನ್ನೊಂದು ಎಳೆಗೆ ಮೂಲವಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಗಿ, 1925ರಲ್ಲಿ ‘ಮಾನಸಿಕ ಆಸ್ಪತ್ರೆ’ಯೆಂಬ ಗೌರವದ ಹೆಸರನ್ನು ಪಡೆದಿದ್ದ ಮೈಸೂರು ಸರ್ಕಾರದ ಸಂಸ್ಥೆಯ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಸೇರಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಜನರು ‘ನಿಮ್ಹಾನ್ಸ್’ ಎಂದು ಕರೆಯುವ ಸಂಸ್ಥೆ, ಆಯಿತು. ದೇಶದಲ್ಲಿದ್ದ ಮನೋವೈದ್ಯರ ಸಂಖ್ಯೆಯಾದರೋ ಅತ್ಯಲ್ಪ. ಹಳ್ಳಿಗಳಿಗೆ ಅವರು ಇಲ್ಲವೇ ಇಲ್ಲ. ಈ ಕೊರತೆಯೇ ಒಂದು ಹೊಸ ಮಾರ್ಗವನ್ನು ತೋರಿಸಿತು. 1975ರ ಸುಮಾರಿನಲ್ಲಿ ಸಂಸ್ಥೆಯು ಸಮುದಾಯ ಮಾನಸಿಕ ಆರೋಗ್ಯಕ್ಕೆ ಒಂದು ಪ್ರತ್ಯೇಕ ವಿಭಾಗವನ್ನು ತೆರೆದು, ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮಕೇಂದ್ರವನ್ನು ಸ್ಥಾಪಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸಿ ಉಪಚರಿಸುವ ತರಬೇತನ್ನು ಕೊಡಲಾರಂಭಿಸಿತು. ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಡೆದ ಪ್ರಯೋಗವು ಈ ಮಾರ್ಗದ ವಿಸ್ತಾರವೇ. ಅದು ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ವಿಪತ್ತಿನ ಶೋಕವು ಈ ಸಂಸ್ಥೆಯ ಬಾಗಿಲಿಗೇ ಬಂದ ಸಂದರ್ಭವೂ ಒಂದುಂಟು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿಹತ್ತಿ ಬಹುಮಂದಿ ಮಕ್ಕಳು ಸತ್ತರು. ಅವರ ಬಂಧುಗಳ ಶೋಕವನ್ನು ಅನುಶೀಲಿಸಿದ ಲೇಖನವು 1987ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿಯೇ ಪ್ರಕಟವಾಯಿತು. ಬಾಸ್ಟನ್ನಿನ ಬೆಂಕಿಗೂ ಬೆಂಗಳೂರಿನ ಬೆಂಕಿಗೂ ನಡುವೆ ಮೂವತ್ತೆಂಟು ವರ್ಷಗಳ ಅಂತರ.

ಆದರೆ ಈ ತರಬೇತಿನ ನಿಜವಾದ ಪರೀಕ್ಷೆಯು ಭೋಪಾಲದಲ್ಲಿ ನಡೆಯಿತು. 1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿಯಲ್ಲಿ ಯೂನಿಯನ್ ಕಾರ್ಬೈಡ್ ಕಂಪೆನಿಯ ಕೀಟನಾಶಕದ ಕಾರ್ಖಾನೆಯಿಂದ ಸುಮಾರು ನಲವತ್ತು ಟನ್ನು ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲವು ಹೊರಬಿದ್ದು ಮಲಗಿದ್ದ ನಗರವನ್ನು ಆವರಿಸಿತು. ಸಾವಿರಾರು ಮಂದಿ ಸತ್ತರು. ಲಕ್ಷಾಂತರ ಮಂದಿ ಕಣ್ಣು, ಶ್ವಾಸಕೋಶಗಳ ಪೀಡೆಗೆ ಈಡಾದರು. ಸರ್ಕಾರವು ಮೊದಲು ಯೋಚಿಸಿದುದು ಸಹಜವಾಗಿಯೇ ಕಣ್ಣು ಮತ್ತು ಶ್ವಾಸಕೋಶಗಳನ್ನು. ಮನೋವೈದ್ಯರು ಅಲ್ಲಿಗೆ ಹೋದುದು ಸುಮಾರು ಎಂಟು ವಾರಗಳ ಮೇಲೆ, 1985ರ ಆರಂಭದಲ್ಲಿ. ಲಖನೌದ ಬಿ. ಬಿ. ಸೇಠಿಯವರೂ ಅವರ ಸಂಗಡಿಗರೂ ಅನಿಲಪೀಡಿತ ಭಾಗದ ಚಿಕಿತ್ಸಾಲಯಗಳಿಗೆ ಬಂದ 855 ಮಂದಿಯನ್ನು ಪರೀಕ್ಷಿಸಿ ನೂರಕ್ಕೆ 22.6 ಮಂದಿಯಲ್ಲಿ ಮಾನಸಿಕ ವ್ಯಾಧಿಯನ್ನು ಕಂಡರು. ಹಾಗೆ ಕಂಡವರಲ್ಲಿ ಐವರಿಗೆ ನಾಲ್ವರು ಸ್ತ್ರೀಯರು. ಖಿನ್ನತೆ ಮತ್ತು ಉದ್ವೇಗಗಳೇ ಅವರಲ್ಲಿ ಪ್ರಧಾನವಾದ ಲಕ್ಷಣಗಳು. ಈ ಸ್ತ್ರೀಯರು ಮನೋವೈದ್ಯನನ್ನು ಹುಡುಕಿಕೊಂಡು ಬಂದವರಲ್ಲ. ಉಸಿರು ಸಿಕ್ಕುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ನಿದ್ರೆಯಿಲ್ಲ ಎಂದು ಸಾಮಾನ್ಯ ಚಿಕಿತ್ಸಾಲಯಕ್ಕೆ ಬಂದವರು.

ಇಲ್ಲಿ ಒಂದು ಸೂಕ್ಷ್ಮವಾದ ಸಂಕಟವು ಉದ್ಭವಿಸಿತು. ಉಸಿರಾಟದ ಬಾಧೆಯು ವಿಷದಿಂದ ಬಂದುದೇ, ಭಯದಿಂದ ಬಂದುದೇ, ಎರಡರಿಂದಲೂ ಬಂದುದೇ? ಎಲ್ಲವೂ ಶ್ವಾಸಕೋಶದ ರೋಗವೆಂದು ಔಷಧವನ್ನು ಕೊಟ್ಟು ಕಳುಹಿಸಿದರೆ ಮನಸ್ಸಿನ ಪೀಡೆಯು ಉಳಿಯುವುದು. ಎಲ್ಲವೂ ಮನಸ್ಸಿನದೆಂದರೆ, ಪರಿಹಾರಧನದ ಆಸೆಯಿಂದ ರೋಗವನ್ನು ನಟಿಸುತ್ತಾರೆಂದು ಆಡಿಕೊಳ್ಳುತ್ತಿದ್ದವರಿಗೆ ಆಧಾರವನ್ನು ಕೊಟ್ಟಂತಾಗುವುದು. ಅಪರಾಧಿಗಳಿಗೂ ಅದು ಅನುಕೂಲ. ಮಾನಸಿಕ ಆರೋಗ್ಯದ ಭಾಷೆಯು ಅನ್ಯಾಯಕ್ಕೆ ಮುಸುಕಾಗಬಲ್ಲುದೆಂಬ ಶಂಕೆಯು ನಿರಾಧಾರವಾದುದಲ್ಲ. ಮುಂದೆ ಇತರ ದೇಶಗಳಲ್ಲಿಯೂ ಅದು ಕೇಳಿಬಂದಿದೆ. ಈ ಎರಡು ತಪ್ಪುಗಳ ನಡುವೆ ನಡೆಯತಕ್ಕವನು ರೋಗಿಯನ್ನು ಮೊದಲು ನೋಡುವ ಸಾಮಾನ್ಯ ವೈದ್ಯನೇ. ಆದುದರಿಂದ ಬೆಂಗಳೂರಿನ ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್ ಮೊದಲಾದವರು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ಅನಿಲಪೀಡಿತ ಪ್ರದೇಶದ ವೈದ್ಯಾಧಿಕಾರಿಗಳಿಗೆ ತರಬೇತನ್ನು ಕೊಟ್ಟರು. ಅವರ ಉಪಯೋಗಕ್ಕಾಗಿ ರಚಿತವಾದ ಕೈಪಿಡಿಯು 1987ರಲ್ಲಿ ಹೊರಬಂದಿತು. ಸಕಲವಾರದಲ್ಲಿ ಹಳ್ಳಿಯ ವೈದ್ಯರಿಗೆ ಕಲಿಸಿದ ಹತ್ತು ವರ್ಷಗಳ ಅಭ್ಯಾಸವು ಹಿಂದೆ ಇಲ್ಲದಿದ್ದರೆ ಈ ಕಾರ್ಯವು ಸಾಧ್ಯವಾಗುತ್ತಿರಲಿಲ್ಲ. ಆಗ ಲೋಕದಲ್ಲಿ ಇದಕ್ಕೆ ಸರ್ವಸಮ್ಮತವಾದ ಸೂತ್ರಗ್ರಂಥವಿರಲಿಲ್ಲ. ಅದು ಬರುವುದಕ್ಕೆ ಇನ್ನೂ ಎರಡು ದಶಕಗಳಿದ್ದುವು.

ಆ ಎರಡು ದಶಕಗಳಲ್ಲಿ ಪಾಶ್ಚಾತ್ಯ ಮನೋವೈದ್ಯವು ಒಂದು ಅಡ್ಡದಾರಿಯನ್ನು ಹಿಡಿಯಿತು. 1980ರಲ್ಲಿ ಅಮೆರಿಕಾದ ಮನೋವೈದ್ಯರು ವಿಯೆಟ್ನಾಂ ಯುದ್ಧದ ಅನುಭವವು ಪ್ರೇರಕವಾಗಿ ‘ಆಘಾತೋತ್ತರ ಒತ್ತಡದ ವ್ಯಾಧಿ’ ಎಂಬ ಹೊಸ ನಿದಾನವನ್ನು ಅಂಗೀಕರಿಸಿದರು. 1983ರಲ್ಲಿ ಜೆಫ್ರಿ ಮಿಚೆಲ್ ಎಂಬವನು ಬೆಂಕಿಯಾರಿಸುವವರೇ ಮೊದಲಾದ ತುರ್ತುಸೇವಕರಿಗಾಗಿ ಒಂದು ವಿಧಾನವನ್ನು ಪ್ರಕಟಿಸಿದನು. ಘಟನೆ ನಡೆದ ಕೆಲವು ದಿನಗಳೊಳಗೆ ಅವರನ್ನು ಕೂಡಿಸಿ, ಏನು ಕಂಡಿರಿ, ಏನು ಭಾವಿಸಿದಿರಿ ಎಂದು ಕ್ರಮವಾಗಿ ಹೇಳಿಸುವುದೇ ಅದು. ಅದಕ್ಕೆ ‘ಡಿಬ್ರೀಫಿಂಗ್’ ಎಂದು ಹೆಸರು. ಸೇವಕರಿಗೆಂದು ಹುಟ್ಟಿದ ಈ ವಿಧಾನವನ್ನು ಬೇಗನೆ ಎಲ್ಲ ವಿಪದ್ಗ್ರಸ್ತರಿಗೂ ಅನ್ವಯಿಸಿದರು. ಮಾತಾಡದ ದುಃಖವು ಒಳಗೆ ಕೀತು ವಿಷವಾಗುವುದೆಂಬುದು ಇದರ ಹಿಂದಣ ನಂಬಿಕೆ. ನಂಬಿಕೆಯು ಎಷ್ಟು ಮನೋಹರವಾಗಿದ್ದರೂ ಪರೀಕ್ಷೆಗೆ ನಿಲ್ಲಲಿಲ್ಲ. 1997ರಲ್ಲಿ ಬಿಸನ್ ಮತ್ತು ಅವನ ಸಂಗಡಿಗರು ಸುಟ್ಟಗಾಯದ ರೋಗಿಗಳನ್ನು ಎರಡು ಪಂಗಡ ಮಾಡಿ ಒಂದಕ್ಕೆ ಮಾತ್ರ ಈ ಉಪಚಾರವನ್ನು ಕೊಟ್ಟು ನೋಡಿದರು. ಹದಿಮೂರು ತಿಂಗಳ ಮೇಲೆ ಉಪಚಾರ ಹೊಂದಿದವರಲ್ಲಿ ನೂರಕ್ಕೆ 26 ಮಂದಿಗೂ ಹೊಂದದವರಲ್ಲಿ ನೂರಕ್ಕೆ 9 ಮಂದಿಗೂ ಆಘಾತೋತ್ತರ ವ್ಯಾಧಿಯಿದ್ದಿತು. ಎರಡು ಪಂಗಡಗಳ ಗಾಯದ ತೀವ್ರತೆಯು ಮೊದಲಿನಿಂದಲೂ ಸಮವಾಗಿರಲಿಲ್ಲವೆಂಬ ಆಕ್ಷೇಪವುಂಟು. ಆದರೂ ಕಾಕ್ರೇನ್ ಸಂಸ್ಥೆಯ ಪರವಾಗಿ ಇಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ವಿಮರ್ಶಿಸಿದವರು ಒಂದೇ ಸಲದ ಈ ಉಪಚಾರದಿಂದ ಪ್ರಯೋಜನವು ಕಾಣಬರಲಿಲ್ಲವೆಂದೂ ಅದನ್ನು ಕಡ್ಡಾಯ ಮಾಡುವುದನ್ನು ನಿಲ್ಲಿಸಬೇಕೆಂದೂ ತೀರ್ಮಾನಿಸಿದರು. ಸದುದ್ದೇಶದಿಂದ ಮಾಡಿದ ಸಾಂತ್ವನವೂ ಕೇಡನ್ನು ಮಾಡಬಹುದು ಎಂಬ ಅರಿವು ಹೀಗೆ ಅಂಕಿಗಳ ಮೂಲಕ ಬಂದಿತು.

ಈ ನಡುವೆ ಭಾರತದಲ್ಲಿ ವಿಪತ್ತುಗಳು ಒಂದರಮೇಲೊಂದು ಬಂದುವು. 1999ರ ಅಕ್ಟೋಬರ್ 29ರಂದು ಒಡಿಶಾದ ಕರಾವಳಿಯನ್ನು ಹೊಡೆದ ಮಹಾಚಂಡಮಾರುತದಲ್ಲಿ ಹತ್ತು ಸಾವಿರದಷ್ಟು ಜನರು ಸತ್ತರು. ಅಲ್ಲಿ ವೈದ್ಯರಿಗೆ ಬದಲಾಗಿ ಆಯಾ ಹಳ್ಳಿಗಳ ಯುವಕಯುವತಿಯರನ್ನೇ ಆರಿಸಿ ತರಬೇತು ಕೊಡುವ ಪದ್ಧತಿಯು ಬಳಕೆಗೆ ಬಂದಿತು. ಒಂದು ಸೇವಾಸಂಸ್ಥೆಯವರು ಅವರನ್ನು ‘ಸ್ನೇಹಕರ್ಮಿ’ಗಳೆಂದು ಕರೆದರು. ಈ ಶಬ್ದದ ಔಚಿತ್ಯವನ್ನು ಎಷ್ಟು ಹೊಗಳಿದರೂ ಸಾಲದು. ರೋಗಿ, ಚಿಕಿತ್ಸಕ ಎಂಬ ಭೇದವನ್ನು ಅದು ಒಂದೇ ಏಟಿಗೆ ಅಳಿಸಿಹಾಕುತ್ತದೆ. 2001ರ ಜನವರಿ 26ರಂದು ಗುಜರಾತಿನ ಕಚ್ಛದಲ್ಲಿ ಭೂಕಂಪವಾಗಿ ಹದಿಮೂರು ಸಾವಿರಕ್ಕೂ ಮಿಕ್ಕಿ ಜನರು ಸತ್ತಾಗಲೂ, 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡು, ಅಂಡಮಾನ್ ಮೊದಲಾದ ಕಡೆಗಳಲ್ಲಿಯೂ ಬೆಂಗಳೂರಿನ ಸಂಸ್ಥೆಯವರು ಸಮುದಾಯದ ಕಾರ್ಯಕರ್ತರನ್ನು ಸಿದ್ಧಪಡಿಸುವ ಇದೇ ಮಾರ್ಗವನ್ನು ಅನುಸರಿಸಿದರು. ಅದಕ್ಕೆ ತಕ್ಕಂತೆ ಕೈಪಿಡಿಗಳೂ ಹೊರಬಂದುವು. ಭೋಪಾಲದಲ್ಲಿ ವೈದ್ಯನಿಗೆ ಇಳಿದುಬಂದಿದ್ದ ವಿದ್ಯೆಯು ಹೀಗೆ ಹದಿನೈದು ವರ್ಷಗಳಲ್ಲಿ ಅಂಗನವಾಡಿಯ ಕಾರ್ಯಕರ್ತೆ, ಶಾಲೆಯ ಉಪಾಧ್ಯಾಯ, ಊರಿನ ತರುಣರವರೆಗೆ ಬಂದಿತು.

ಸುನಾಮಿಯ ತರುವಾಯ ಶ್ರೀಲಂಕಾದಲ್ಲಿ ನಡೆದುದು ಬೇರೆ. ಸುಮಾರು ಮೂವತ್ತೈದು ಸಾವಿರ ಜನರು ಸತ್ತಿದ್ದ ಆ ದ್ವೀಪಕ್ಕೆ ವಿದೇಶಗಳಿಂದ ಆಪ್ತಸಲಹೆಗಾರರು ತಂಡತಂಡವಾಗಿ ಬಂದಿಳಿದರು. ಸಿಂಹಳವೂ ತಮಿಳೂ ತಿಳಿಯದವರೇ ಅವರಲ್ಲಿ ಅನೇಕರು. ದುಭಾಷಿಯ ಮೂಲಕ ದುಃಖವನ್ನು ಕೇಳಿ, ಪ್ರಶ್ನಪತ್ರಿಕೆಗಳನ್ನು ತುಂಬಿಸಿ, ಕೆಲವು ದಿನಗಳಲ್ಲಿ ಹೊರಟುಹೋದವರೂ ಉಂಟು. ಪೀಡಿತರೆಲ್ಲರನ್ನೂ ಮಾನಸಿಕ ರೋಗಿಗಳೆಂದು ಭಾವಿಸಬಾರದೆಂದು ಅಲ್ಲಿಯ ವಿದ್ವಾಂಸರು ಎಚ್ಚರಿಸಬೇಕಾಯಿತು. ಇದಕ್ಕೆ ಐದು ವರ್ಷ ಮೊದಲೇ, 1999ರಲ್ಲಿ, ಡೆರೆಕ್ ಸಮ್ಮರ್‌ಫೀಲ್ಡ್ ಎಂಬ ಮನೋವೈದ್ಯನು ಯುದ್ಧಪೀಡಿತ ಪ್ರದೇಶಗಳ ಇಂಥ ಕಾರ್ಯಕ್ರಮಗಳ ಹಿಂದಣ ಏಳು ಪೂರ್ವಕಲ್ಪನೆಗಳನ್ನು ಕಟುವಾಗಿ ಖಂಡಿಸಿದ್ದನು. ಯುದ್ಧದ ದುಃಖವು ಸಮಾಜದ ದುಃಖ, ಅದನ್ನು ಒಬ್ಬೊಬ್ಬನ ತಲೆಯೊಳಗಿನ ರೋಗವನ್ನಾಗಿ ಮಾಡುವುದು ಸರಿಯಲ್ಲವೆಂಬುದು ಅವನ ವಾದದ ತಿರುಳು. ಅವನು ತೀರ ಒಂದು ಕೊನೆಗೆ ಹೋದನೆಂದು ಹೇಳಬಹುದಾದರೂ, ಆ ಕೊನೆಯಿಂದ ಯಾರಾದರೂ ಕೂಗಬೇಕಾಗಿದ್ದಿತು.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಇತರ ಸೇವಾಸಂಸ್ಥೆಗಳೂ ಕೂಡಿ 1992ರಲ್ಲಿ ಏರ್ಪಟ್ಟ ಅಂತರ್‌ಸಂಸ್ಥಾ ಸ್ಥಾಯೀ ಸಮಿತಿಯು 2007ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಈ ವಿವಾದಗಳೆಲ್ಲದರ ಫಲ. ಅದು ಸಹಾಯವನ್ನು ನಾಲ್ಕು ಅಂತಸ್ತುಗಳ ಗೋಪುರದಂತೆ ಚಿತ್ರಿಸುತ್ತದೆ. ವಿಶಾಲವಾದ ತಳದಲ್ಲಿ ಅನ್ನ, ನೀರು, ಆಶ್ರಯ, ರಕ್ಷಣೆಗಳು, ಅವು ಮಾನಭಂಗವಾಗದಂತೆ ದೊರೆಯುವುದು. ಅದರ ಮೇಲೆ ಕುಟುಂಬ ಮತ್ತು ಸಮುದಾಯಗಳ ಆಸರೆ. ಅದರ ಮೇಲೆ ತರಬೇತಾದ ಸಾಮಾನ್ಯ ಕಾರ್ಯಕರ್ತರ ನೆರವು. ತುದಿಯಲ್ಲಿ ಮಾತ್ರ ಮನೋವೈದ್ಯನು. ಸ್ತ್ರೀಪರ್ವದ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಮೃತರ ಸಂಸ್ಕಾರ ಮತ್ತು ಶೋಕಾಚರಣೆಗಳಿಗೆ ಅವಕಾಶ ಮಾಡಿಕೊಡಬೇಕೆಂದೂ, ಒಂದೇ ಸಲದ ಡಿಬ್ರೀಫಿಂಗನ್ನು ಮಾಡಬಾರದೆಂದೂ ಆ ಗ್ರಂಥವು ಸ್ಪಷ್ಟವಾಗಿ ಹೇಳುತ್ತದೆ. ಅದರಲ್ಲಿ ಉದಾಹರಿಸಿರುವ ಅಂಗೋಲಾ ದೇಶದ ಒಂದು ಸಂಗತಿಯು ಸ್ವಾರಸ್ಯವಾದುದು. ಬಾಲ್ಯದಲ್ಲಿ ಸೈನಿಕನಾಗಿದ್ದ ಒಬ್ಬನನ್ನು ಅವನು ಕೊಂದವನ ಪ್ರೇತವು ರಾತ್ರಿ ಬಂದು ಕಾಡುತ್ತಿದ್ದಿತು. ಪರಿಹಾರಸೇವಕರು ಅದನ್ನು ಭ್ರಾಂತಿಯೆಂದು ತಳ್ಳಿಹಾಕದೆ, ಆ ನಾಡಿನ ಮಾಂತ್ರಿಕವೈದ್ಯರನ್ನು ವಿಚಾರಿಸಿ, ಶುದ್ಧೀಕರಣದ ಕರ್ಮಕ್ಕೆ ಬೇಕಾದ ಸಾಮಗ್ರಿಗಳನ್ನು ಒದಗಿಸಿಕೊಟ್ಟರು. ಕರ್ಮವು ಮುಗಿದ ಮೇಲೆ ಅವನಿಗೂ ಊರಿನವರಿಗೂ ನೆಮ್ಮದಿಯಾಯಿತೆಂದು ತಿಳಿದುಬರುತ್ತದೆ. ಸ್ಥಳೀಯ ಆಚಾರಗಳೆಲ್ಲವೂ ಹಿತವಲ್ಲ, ಕೆಲವು ಹಿಂಸಾರೂಪವಾಗಿರಬಹುದು, ಆದುದರಿಂದ ವಿವೇಚನೆ ಬೇಕು ಎಂಬ ಎಚ್ಚರಿಕೆಯನ್ನೂ ಗ್ರಂಥಕಾರರು ಬಿಟ್ಟಿಲ್ಲ.

ತರಬೇತಿನ ವಿಷಯವಾಗಿಯೇ ಈ ಮಾರ್ಗದರ್ಶಿಯಲ್ಲಿ ಒಂದು ಪ್ರಕರಣವಿದೆ. ಎಲ್ಲ ಸೇವಕರಿಗೂ ಬೇಕಾದ ಅರ್ಧ ದಿನದ ಅಥವಾ ಒಂದು ದಿನದ ಪರಿಚಯಬೋಧೆಯೇ ಬೇರೆ, ದುಃಖಿತರೊಡನೆ ಕುಳಿತು ಕೆಲಸ ಮಾಡತಕ್ಕವರ ಶಿಕ್ಷಣವೇ ಬೇರೆ ಎಂದು ಅದು ವಿಂಗಡಿಸುತ್ತದೆ. ಬೋಧಕನಿಗೆ ಆ ನಾಡಿನ ಸಂಸ್ಕೃತಿಯ ತಿಳಿವಳಿಕೆ ಇರಬೇಕು. ತರಬೇತಾದ ಮೇಲೆ ಅನುಭವಸ್ಥರ ಮೇಲ್ವಿಚಾರಣೆಯು ಅವಶ್ಯವಾಗಿ ನಡೆಯುತ್ತಿರಬೇಕು. ಬೋಧಕರನ್ನು ತಯಾರಿಸುವ ಬೋಧೆ, ಆ ಬೋಧಕರಿಂದ ಇನ್ನಷ್ಟು ಬೋಧಕರು ಎಂಬ ಸರಪಣಿಯು ಸಿದ್ಧತೆಯಿಲ್ಲದೆ ನಡೆದರೆ ಕೆಡುವುದೆಂದೂ ಹೇಳಿದೆ. ಸಂಸ್ಕೃತಪಾಠಶಾಲೆಗಳ ಪದ್ಧತಿಯನ್ನು ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಗುರುವಿನ ಮುಂದೆ ತಪ್ಪುಗಳು ತಿದ್ದಿಕೊಳ್ಳದ ಪಾಠವು ಎರಡನೆಯ ತಲೆಮಾರಿಗೇ ಅಪಭ್ರಂಶವಾಗುತ್ತದೆ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇತರ ಎರಡು ಸಂಸ್ಥೆಗಳೊಡನೆ ಪ್ರಕಟಿಸಿದ ಮಾನಸಿಕ ಪ್ರಥಮೋಪಚಾರದ ಕೈಪಿಡಿಯು ಈ ಶಿಕ್ಷಣವನ್ನು ಮೂರು ಕ್ರಿಯೆಗಳಿಗೆ ಇಳಿಸಿತು: ನೋಡುವುದು, ಕೇಳುವುದು, ಕೂಡಿಸುವುದು. ಯಾರಿಗೆ ತುರ್ತು ಅಗತ್ಯವಿದೆಯೆಂದು ನೋಡಬೇಕು. ಅವರು ಹೇಳಬಯಸಿದುದನ್ನು ಕೇಳಬೇಕು. ಅವರನ್ನು ಅವರ ಬಂಧುಗಳೊಡನೆಯೂ ಬೇಕಾದ ಸೌಕರ್ಯಗಳೊಡನೆಯೂ ಕೂಡಿಸಬೇಕು. ಮಾತಾಡಲು ಇಷ್ಟವಿಲ್ಲದವನನ್ನು ಮಾತಾಡಿಸಲಾಗದು, ಅವನ ಬಳಿ ಸುಮ್ಮನೆ ಕುಳಿತಿರುವುದೂ ಉಪಚಾರವೇ. ಭರವಸೆಯಿಲ್ಲದ ಮಾತನ್ನು ಕೊಡಲಾಗದು. ‘ಇದಕ್ಕಿಂತ ಕೆಟ್ಟದಾಗಬಹುದಾಗಿತ್ತು’ ಎಂಬಂಥ ಸಾಂತ್ವನಾಭಾಸಗಳನ್ನು ಆಡಲಾಗದು. ಮೂವತ್ತು ವರ್ಷಗಳ ಹಿಂದೆ ಮಾತನ್ನು ಹೊರಡಿಸುವುದೇ ವಿದ್ಯೆಯಾಗಿದ್ದಿತು. ಈಗ ಅದನ್ನು ತಡೆದುಕೊಳ್ಳುವುದೇ ವಿದ್ಯೆಯಾಯಿತು. ಭಾರತದಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2009ರಲ್ಲಿಯೇ ಈ ವಿಷಯದ ಮೇಲೆ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿದ್ದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಿಪತ್ಪ್ರದೇಶಗಳ ಸಾಮಾನ್ಯ ವೈದ್ಯರಿಗಾಗಿ ಒಂದು ಕೈಪಿಡಿಯನ್ನು ಹೊರಡಿಸಿತು. ಭೋಪಾಲದ ವೈದ್ಯಾಧಿಕಾರಿಗಳಿಗೆ 1987ರಲ್ಲಿ ಸಿದ್ಧವಾದ ಪುಸ್ತಕವನ್ನು ಇದರ ಪೂರ್ವಜನೆಂದು ಕರೆದರೆ ತಪ್ಪಾಗದು.

ಹಾಗೆಂದು ಮನೋವೈದ್ಯನು ಅನಾವಶ್ಯಕನಾದನೆಂದು ತಿಳಿಯಲಾಗದು. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಳೆದ ಹತ್ತು ವರ್ಷಗಳಲ್ಲಿ ಯುದ್ಧವನ್ನು ಕಂಡ ಪ್ರದೇಶಗಳಲ್ಲಿ ಸುಮಾರು ಐವರಿಗೊಬ್ಬರಂತೆ ಯಾವುದಾದರೊಂದು ಮಾನಸಿಕ ವ್ಯಾಧಿಯುಳ್ಳವರಿದ್ದಾರೆ. ವಿಪತ್ತಿಗೆ ಮೊದಲೇ ತೀವ್ರವಾದ ಮನೋರೋಗವಿದ್ದು ಔಷಧವನ್ನು ಸೇವಿಸುತ್ತಿದ್ದವರು, ಆಸ್ಪತ್ರೆ ಮುಚ್ಚಿದಾಗ ಎಲ್ಲರಿಗಿಂತ ಮೊದಲು ಮರೆಯಲ್ಪಡುತ್ತಾರೆ. ಸಮ್ಮರ್‌ಫೀಲ್ಡನ ಪಕ್ಷದವರು ಈ ವರ್ಗದವರ ವಿಷಯದಲ್ಲಿ ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲವೆಂದೇ ಹೇಳಬೇಕು. ಐವರಲ್ಲಿ ಉಳಿದ ನಾಲ್ವರಿಗೆ ಬೇಕಾದುದು ಮನೆ, ದುಡಿಮೆ, ನೆಂಟರು ಮತ್ತು ಕಾಲಾವಕಾಶ. ಆ ಒಬ್ಬನಿಗೆ ಇವೆಲ್ಲದರ ಜೊತೆಗೆ ವೈದ್ಯನೂ ಬೇಕು. ಯಾರು ಆ ಒಬ್ಬನೆಂದು ಗುರುತಿಸುವ ಹೊಣೆಯು ಹಳ್ಳಿಯ ಕಾರ್ಯಕರ್ತೆಯ ಮೇಲೆ ಬಿದ್ದಿದೆ. ಎರಡು ದಿನದ ತರಬೇತಿನಿಂದ ಇದು ಬರುವುದೇ ಎಂಬ ಪ್ರಶ್ನೆಗೆ ಉತ್ತರವು ಮೇಲ್ವಿಚಾರಣೆಯಲ್ಲಿದೆ. ಅದಕ್ಕಾದರೋ ಹಣವೂ ತಜ್ಞರ ಕಾಲವೂ ಬೇಕು, ವಿಪತ್ತಿನ ಸುದ್ದಿಯು ಹಳತಾದೊಡನೆ ಎರಡೂ ವಿರಳವಾಗುವುವು.

ಇನ್ನೊಂದು ಅಂಶವುಂಟು. ಚಂಡಮಾರುತದಲ್ಲಿ ಮನೆ ಹಾರಿಹೋದ ಹಳ್ಳಿಯಿಂದಲೇ ಆರಿಸಿದ ಸ್ನೇಹಕರ್ಮಿಯು ಸ್ವತಃ ವಿಪದ್ಗ್ರಸ್ತನೇ. ತನ್ನವರ ಸಾವಿಗೆ ಅಳುವುದಕ್ಕೆ ಮೊದಲು ನೆರೆಯವರ ಅಳುವನ್ನು ಕೇಳಬೇಕಾದವನು ಅವನು. 2007ರ ಮಾರ್ಗದರ್ಶಿಯು ಸೇವಕರ ಮತ್ತು ಸ್ವಯಂಸೇವಕರ ಮನಸ್ಸಿನ ರಕ್ಷಣೆಗೆಂದೇ ಒಂದು ಪ್ರಕರಣವನ್ನು ಮೀಸಲಾಗಿಟ್ಟು, ಅವರಿಗೆ ವಿಶ್ರಾಂತಿಯ ದಿನಗಳನ್ನೂ ಗೊತ್ತಾದ ಕೆಲಸದ ವೇಳೆಯನ್ನೂ ಏರ್ಪಡಿಸುವುದು ನಿಯೋಜಿಸಿದ ಸಂಸ್ಥೆಯ ಕರ್ತವ್ಯವೆಂದು ವಿಧಿಸಿದೆ. 2020ರ ಮಹಾಮಾರಿಯಲ್ಲಿ ಈ ವಿಧಿಯ ಅವಶ್ಯಕತೆಯು ಎಲ್ಲರ ಕಣ್ಣಿಗೂ ಬಿದ್ದಿತು. ಮೃತರನ್ನು ಮುಟ್ಟುವುದಕ್ಕೂ ನೋಡುವುದಕ್ಕೂ ಬಂಧುಗಳಿಗೆ ಆಸ್ಪದವಿಲ್ಲದೆ, ಸಂಸ್ಕಾರಗಳು ಸಂಕ್ಷೇಪವಾಗಿ, ಸಾಂತ್ವನವೆಲ್ಲವೂ ದೂರವಾಣಿಯ ತಂತಿಗೆ ಇಳಿದಾಗ, ಬೆಂಗಳೂರಿನ ಸಂಸ್ಥೆಯು ನಡೆಸಿದ ಸಹಾಯವಾಣಿಯ ಇನ್ನೊಂದು ತುದಿಯಲ್ಲಿ ಕುಳಿತು ಕೇಳುತ್ತಿದ್ದವರ ಮನೆಗಳಲ್ಲಿಯೂ ಅದೇ ರೋಗದ ಭಯವಿದ್ದಿತು.